ಹಳೇ ಡೆಸ್ಕ್‌ಟಾಪ್‌ನ ಆಫೀಸ್ ಸರ್ವರ್ ಮಾಡೋದು ಹೇಗೆ: ಡೆಬಿಯನ್ 13 ಹಾಕಿ, ಸಾಂಬಾ ಸೆಟಪ್ ಮಾಡಿ

ಐದಾರು ಜನ ಇರೋ ಆಡಿಟರ್ ಆಫೀಸು, ವಕೀಲರ ಆಫೀಸು, ಸಣ್ಣ ಪ್ರಿಂಟಿಂಗ್ ಪ್ರೆಸ್ಸು, ಎಲ್ಲಿ ಹೋದ್ರೂ ಕಥೆ ಒಂದೇ. ಯಾರದೋ ಒಬ್ರ ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿರ್ತಾರೆ, ಮಿಕ್ಕಿದವರೆಲ್ಲ ಅದ್ರಲ್ಲೇ ಫೈಲ್ ತೆಗೆದು ಕೆಲಸ ಮಾಡ್ತಿರ್ತಾರೆ, ಆಮೇಲೆ ಆ ಮನುಷ್ಯ ರಜಾ ಹಾಕಿದ ದಿನ ಅಥವಾ ವಿಂಡೋಸ್ ಅಪ್‌ಡೇಟ್ ಅಂತ ರೀಸ್ಟಾರ್ಟ್ ಆದ ಹೊತ್ತಲ್ಲಿ ಇಡೀ ಆಫೀಸು ಕೈಕಟ್ಟಿ ಕೂರುತ್ತೆ. ಇದಕ್ಕೆ ಒಂದು ಬೇರೆ ಮಷೀನ್ ಇಟ್ಬಿಡೋದೇ ಸರಿ, ಅದಕ್ಕೆ ಡೆಬಿಯನ್ ಅನ್ನೋ ಫ್ರೀ ಲಿನಕ್ಸ್ ಓಎಸ್, ಅದ್ರ ಮೇಲೆ ಫೈಲ್ ಶೇರ್ ಮಾಡೋ ಸಾಂಬಾ ಅನ್ನೋ ಸಾಫ್ಟ್‌ವೇರ್. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ತಗೊಂಡ್ರೆ ಲೈಸೆನ್ಸ್ ದುಡ್ಡು ಒಂದು ಕಡೆ, ಅದ್ರ ಮೇಲೆ ಬಳಸೋರ ಲೆಕ್ಕಕ್ಕೆ ಇನ್ನೊಂದು ಲೈಸೆನ್ಸು, ಬರೀ ಫೈಲ್ ಇಡೋಕೆ ಅಷ್ಟೆಲ್ಲ ಯಾಕೆ ಸುರೀಬೇಕು ಅನ್ನೋದು ನನ್ನ ಪ್ರಶ್ನೆ.

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತಲ್ಲ, 11 ಹತ್ತದೇ ಇರೋ ಹಳೇ ಡೆಸ್ಕ್‌ಟಾಪ್‌ಗಳು ಎಷ್ಟೋ ಆಫೀಸಲ್ಲಿ ಮೂಲೆ ಸೇರಿವೆ, ಅದನ್ನೇ ಒಂದು ಎತ್ಕೊಳ್ಳಿ. ನಾಲ್ಕನೇ ಜನರೇಷನ್ ಐ3, 4 ಜಿಬಿ ರ‍್ಯಾಮ್ ಇದ್ರೆ ಫೈಲ್ ಸರ್ವರ್‌ಗೆ ಧಾರಾಳ ಆಯ್ತು, ಡೆಸ್ಕ್‌ಟಾಪ್ ಪರದೆ ಹಾಕ್ದೇ ಇದ್ರೆ 2 ಜಿಬಿಲೂ ನಡೆಯುತ್ತೆ. ಪ್ರೊಸೆಸರ್ ಮಾತ್ರ 64 ಬಿಟ್ ಇರ್ಲೇಬೇಕು, ಡೆಬಿಯನ್ 13ರಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ರೇ ಇಲ್ಲ.

ಯಾಕೆ ಡೆಬಿಯನ್ನೇ ಅಂತ ಕೇಳ್ತೀರಿ. ಉಬುಂಟು ಸರ್ವರ್ ಹಾಕಿದ್ರೂ ತಪ್ಪೇನಿಲ್ಲ, ಅದೂ ಡೆಬಿಯನ್ ಮೇಲೇ ಕಟ್ಟಿರೋದು. ಆದ್ರೆ ಡೆಬಿಯನ್‌ಗೆ ಕಂಪನಿ ಅಂತ ಒಬ್ಬ ಯಜಮಾನ ಇಲ್ಲ, 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದನ್ನ ಇವತ್ತಿಗೂ ಪ್ರಪಂಚದ ಮೂಲೆಮೂಲೆಯಲ್ಲಿರೋ ವಾಲಂಟಿಯರ್‌ಗಳೇ ನಡೆಸ್ತಿದಾರೆ, 2023ರಲ್ಲಿ ಇವರ ವಾರ್ಷಿಕ ಸಮ್ಮೇಳನ ಇಲ್ಲೇ ಪಕ್ಕದ ಕೊಚ್ಚಿಯಲ್ಲೇ ಆಯ್ತು. ಸೆಂಟ್‌ಓಎಸ್ 8 ಅನ್ನೋ ಇನ್ನೊಂದು ಲಿನಕ್ಸ್ ನೆನಪಿದ್ಯಾ? ಅದ್ರ ಹಿಂದಿದ್ದ ಕಂಪನಿಯೋರು 2029ರ ತನಕ ಸಪೋರ್ಟ್ ಅಂತ ಹೇಳಿದ್ರು, 2021ರ ಡಿಸೆಂಬರ್‌ಗೇ ಬಾಗಿಲು ಹಾಕಿದ್ರು. ಸಣ್ಣ ಆಫೀಸಿಗೆ ಬೇಕಾಗಿರೋದು ಹೊಸ ಹೊಸ ಫೀಚರ್ ಅಲ್ಲ, ಮೂರ್ನಾಲ್ಕು ವರ್ಷ ಯಾರೂ ತಿರುಗಿ ನೋಡ್ದೇ ಇದ್ರೂ ಸುಮ್ನೆ ಓಡ್ತಾ ಇರೋ ಸಾಮಾನು, ಅದಕ್ಕೆ ಡೆಬಿಯನ್ ಸ್ಟೇಬಲ್.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಇನ್‌ಸ್ಟಾಲ್ ಅರ್ಧ ಮುಕ್ಕಾಲು ಗಂಟೆ ಕೆಲಸ, ನಿಜವಾದ ಕೆಲಸ ಇರೋದು ಅದಕ್ಕೆ ಮುಂಚೆ ಮತ್ತೆ ಅದಾದ ಮೇಲೆ. ಹಾಗಾಗಿ ಶನಿವಾರ ಮಧ್ಯಾಹ್ನ ಶುರು ಮಾಡಿ ಸೋಮವಾರ ಎಲ್ರಿಗೂ ಕೊಡೋ ಥರ ಪ್ಲಾನ್ ಮಾಡ್ಕೊಳ್ಳಿ, ಮಾರ್ಚ್ ತಿಂಗಳಲ್ಲಂತೂ ಬೇಡವೇ ಬೇಡ.

ಮೊದ್ಲು ಮಷೀನ್ ಬಿಚ್ಚಿ

ಧೂಳು ಊದಿ, ಫ್ಯಾನ್ ತಿರುಗ್ತಿದ್ಯಾ ನೋಡಿ, ಮದರ್‌ಬೋರ್ಡ್ ಮೇಲಿರೋ ಬಟನ್ ಸೆಲ್ ಹೊಸದು ಹಾಕಿ, ಸಿಆರ್ 2032 ಅಂದ್ರೆ ಯಾವ ವಾಚ್ ಅಂಗಡೀಲೂ ಕೊಡ್ತಾರೆ. ಚಿಲ್ಲರೆ ವಿಷ್ಯ ಅನ್ಸುತ್ತೆ, ಆದ್ರೆ ಸೆಲ್ ಸತ್ತಿದ್ರೆ ಕರೆಂಟ್ ಹೋದಾಗೆಲ್ಲ ತಾರೀಖು ಹಿಂದಕ್ಕೆ ಹೋಗುತ್ತೆ, ತಾರೀಖು ತಪ್ಪಿದ್ರೆ ಡೆಬಿಯನ್ ಅಪ್‌ಡೇಟ್ ಮಾಡೋವಾಗ ರಿಲೀಸ್ ಫೈಲ್ ಇನ್ನೂ ವ್ಯಾಲಿಡ್ ಅಲ್ಲ ಅಂತ ಎರರ್ ಕೊಡುತ್ತೆ, ನೀವು ಇಂಟರ್ನೆಟ್ ಸರಿಯಿಲ್ಲ ಅಂತ ಅಂದ್ಕೊಂಡು ಕೇಬಲ್ ಎಳೆದಾಡ್ತಿರ್ತೀರ.

ಡಿಸ್ಕ್ ವಿಷ್ಯದಲ್ಲಿ ನನ್ನ ಲೆಕ್ಕ ಹೀಗೆ. ಓಎಸ್‌ಗೆ ಒಂದು ಸಣ್ಣ ಎಸ್‌ಎಸ್‌ಡಿ, 120 ಅಥವಾ 240 ಜಿಬಿ. ಆಫೀಸ್ ಡೇಟಾಗೆ ಒಂದೇ ಸೈಜಿನ ಎರಡು ಹಾರ್ಡ್ ಡಿಸ್ಕ್, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಅದೇ ಗಳಿಗೆಗೆ ಬರೆಯೋ ಥರ, ಅಂದ್ರೆ ರೇಡ್ 1. ಓಎಸ್‌ನೂ ರೇಡ್ ಮೇಲೆ ಹಾಕ್ಬಹುದು, ಆದ್ರೆ ಬೂಟ್ ಆಗೋ ಇಎಫ್‌ಐ ಪಾರ್ಟಿಷನ್ ಮಾಮೂಲಿ ರೇಡ್ ಒಳಗೆ ಸಲೀಸಾಗಿ ಕೂರಲ್ಲ, ಮೊದ್ಲ ಸಲ ಮಾಡೋರಿಗೆ ಆ ತಲೆನೋವು ಬೇಡ. ಎಸ್‌ಎಸ್‌ಡಿ ಸತ್ರೆ ಹೊಸದು ಹಾಕಿ ಅರ್ಧ ಗಂಟೇಲಿ ಓಎಸ್ ಮತ್ತೆ ಹಾಕ್ಬಹುದು, ಡೇಟಾ ಡಿಸ್ಕ್ ಹಾಗೇ ಇರುತ್ತೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೋ ನಿಮ್ಮೂರಿನ ಕಂಪ್ಯೂಟರ್ ಅಂಗಡೀಲೋ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಳ್ಳಿ, ಬೇಡ ಅನ್ನಲ್ಲ, ಆದ್ರೆ ಡೇಟಾ ಡಿಸ್ಕ್ ಮಾತ್ರ ಬಿಲ್ ಜೊತೆ ಹೊಸದೇ ತಗೊಳ್ಳಿ.

ಆಮೇಲೆ ಬಯೋಸ್, ಅಂದ್ರೆ ಓಎಸ್ ಶುರುವಾಗೋ ಮುಂಚೆ ಬರೋ ಮಷೀನ್ ಸೆಟ್ಟಿಂಗ್ ಪುಟ. ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಒತ್ತಿದ್ರೆ ಬರುತ್ತೆ, ಕಂಪನಿ ಮೇಲೆ ಬೇರೆ ಬೇರೆ ಕೀ. ಸಾಟಾ ಮೋಡ್ ಅಂತ ಇರೋ ಕಡೆ ಎಎಚ್‌ಸಿಐ ಇರ್ಬೇಕು, ರೇಡ್ ಅಂತ ಇದ್ರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದೇ ಹೋಗ್ಬಹುದು, ನಾವು ಮಾಡೋ ರೇಡ್ ಲಿನಕ್ಸ್‌ನಲ್ಲಿ, ಬಯೋಸ್‌ನಲ್ಲಲ್ಲ. ಕರೆಂಟ್ ಹೋಗಿ ಬಂದ್ಮೇಲೆ ಏನ್ಮಾಡ್ಬೇಕು ಅನ್ನೋ ಸೆಟ್ಟಿಂಗ್ ಒಂದಿರುತ್ತೆ, ಅದನ್ನ ಪವರ್ ಆನ್ ಅಂತ ಇಡಿ. ಕೀಬೋರ್ಡ್ ಇಲ್ಲದಿದ್ರೆ ನಿಂತ್ಕೋ ಅನ್ನೋದನ್ನ ಆಫ್ ಮಾಡಿ, ಇಲ್ಲಾಂದ್ರೆ ಮಾನಿಟರ್ ಕೀಬೋರ್ಡ್ ಕಿತ್ತು ಮೂಲೇಲಿ ಇಟ್ಟ ಮೇಲೆ ಅದು ಕತ್ತಲಲ್ಲಿ ಎಫ್1 ಒತ್ತಿ ಅಂತ ಕಾಯ್ತಾ ಕೂತಿರುತ್ತೆ. ಸೆಕ್ಯೂರ್ ಬೂಟ್ ಆಫ್ ಮಾಡೋ ಅಗತ್ಯ ಇಲ್ಲ, ಡೆಬಿಯನ್ 10ರಿಂದಲೇ ಅದಕ್ಕೆ ಸಪೋರ್ಟ್ ಇದೆ.

ಹಳೇ ರ‍್ಯಾಮ್ ಆದ್ರೆ ಮೆಮ್‌ಟೆಸ್ಟ್86 ಪ್ಲಸ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಪೂರ್ತಿ ಓಡ್ಸಿ. ಒಂದೇ ಒಂದು ಎರರ್ ಬಂದ್ರೂ ಆ ರ‍್ಯಾಮ್ ಬೇಡ.

ಪೆನ್‌ಡ್ರೈವ್

ಡೆಬಿಯನ್ ಡಾಟ್ ಆರ್ಗ್‌ಗೆ ಹೋಗಿ ಎಎಂಡಿ64 ನೆಟ್‌ಇನ್‌ಸ್ಟ್ ಐಎಸ್‌ಓ (ಮಿಕ್ಕಿದ್ದನ್ನ ಇಂಟರ್ನೆಟ್‌ನಿಂದ ತರಿಸ್ಕೊಳ್ಳೋ ಇನ್‌ಸ್ಟಾಲರ್ ಫೈಲ್) ಇಳಿಸ್ಕೊಳ್ಳಿ, 1 ಜಿಬಿಗಿಂತ ಕಮ್ಮಿನೇ ಇದೆ. ಹೆಸರಲ್ಲಿ ಎಎಂಡಿ ಅಂತಿದ್ರೂ ಇಂಟೆಲ್‌ಗೂ ಅದೇ. ಮುಂಚೆ ಎಲ್ಲಾ ನೆಟ್‌ವರ್ಕ್ ಕಾರ್ಡ್ ಕೆಲಸ ಮಾಡೋಕೆ ಬೇಕಾದ ಫರ್ಮ್‌ವೇರ್ ಫೈಲ್ ಬೇರೆ ಹುಡುಕ್ಬೇಕಿತ್ತು, 2023ರಲ್ಲಿ ಬಂದ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್ ಜೊತೇಲೇ ಬರುತ್ತೆ, ಆ ಕಾಟ ತಪ್ತು. ಐಎಸ್‌ಓ ಪಕ್ಕದಲ್ಲೇ ಎಸ್‌ಎಚ್‌ಎ512 ಅನ್ನೋ ಉದ್ದನೇ ಸಂಖ್ಯೆ ಇರೋ ಫೈಲ್ ಇರುತ್ತೆ, ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಅನ್ನೋ ಕಮಾಂಡ್‌ನಿಂದ ನಿಮ್ಮ ಫೈಲಿನ ಸಂಖ್ಯೆ ತೆಗೆದು ಎರಡೂ ಒಂದೇನಾ ತಾಳೆ ನೋಡಿ. ಆಮೇಲೆ ರೂಫಸ್ ಅನ್ನೋ ವಿಂಡೋಸ್ ಸಾಫ್ಟ್‌ವೇರ್‌ನಲ್ಲಿ ಪೆನ್‌ಡ್ರೈವ್‌ಗೆ ಬರೀರಿ, ಯಾವ ಮೋಡ್ ಅಂತ ಕೇಳಿದ್ರೆ ಡಿಡಿ ಅನ್ನಿ. ಪೆನ್‌ಡ್ರೈವ್‌ನಲ್ಲಿದ್ದ ಮದುವೆ ಫೋಟೋ ಎಲ್ಲ ಮೊದ್ಲೇ ತೆಗೆದಿಟ್ಕೊಳ್ಳಿ, ಪೂರ್ತಿ ಅಳಿಸಿ ಹೋಗುತ್ತೆ.

ಇನ್‌ಸ್ಟಾಲ್

ನೆಟ್‌ವರ್ಕ್ ಕೇಬಲ್ ಚುಚ್ಚಿ, ವೈಫೈ ಬೇಡ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಗ್ರಾಫಿಕಲ್ ಇನ್‌ಸ್ಟಾಲ್ ಆರಿಸ್ಕೊಳ್ಳಿ. ಭಾಷೆ ಪಟ್ಟಿಯಲ್ಲಿ ಕನ್ನಡಾನೂ ಇದೆ, ನೋಡಿದ್ರೆ ಖುಷಿ ಆಗುತ್ತೆ, ಆದ್ರೆ ಸರ್ವರ್‌ಗೆ ಇಂಗ್ಲಿಷೇ ಇಡಿ ಅಂತೀನಿ, ಯಾಕಂದ್ರೆ ನಾಳೆ ಏನೋ ಎರರ್ ಬಂದಾಗ ಅದನ್ನ ಹಾಗೇ ಕಾಪಿ ಮಾಡಿ ಹುಡುಕೋಕೆ ಆಗ್ಬೇಕು, ಜೊತೆಗೆ ಲಿನಕ್ಸ್‌ನ ಕಪ್ಪು ಪರದೇಲಿ ಕನ್ನಡ ಅಕ್ಷರ ಸರಿಯಾಗಿ ಮೂಡಲ್ಲ. ಫೈಲ್ ಹೆಸರು ಕನ್ನಡದಲ್ಲಿದ್ರೆ ಏನೂ ತೊಂದ್ರೆ ಇಲ್ಲ, ಯೂನಿಕೋಡ್‌ನಲ್ಲಿ ಬರೆದ ಹೆಸರುಗಳೆಲ್ಲ ವಿಂಡೋಸ್‌ನಿಂದ ನೋಡಿದಾಗ ನೆಟ್ಟಗೇ ಕಾಣುತ್ತೆ. ದೇಶ ಇಂಡಿಯಾ, ಕೀಬೋರ್ಡ್ ಅಮೆರಿಕನ್ ಇಂಗ್ಲಿಷ್.

ಹೋಸ್ಟ್‌ನೇಮ್ ಅಂದ್ರೆ ಮಷೀನ್ ಹೆಸರು, 15 ಅಕ್ಷರದೊಳಗೆ ಚಿಕ್ಕದಾಗಿರ್ಲಿ, ಕಡತ ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ರೆ ಸಾಕು. ಡೊಮೇನ್ ಖಾಲಿ ಬಿಡಿ.

ರೂಟ್, ಅಂದ್ರೆ ಎಲ್ಲಾ ಅಧಿಕಾರ ಇರೋ ಖಾತೆ, ಅದ್ರ ಪಾಸ್‌ವರ್ಡ್ ಕೇಳೋ ಕಡೆ ಸ್ವಲ್ಪ ನಿಂತ್ಕೊಳ್ಳಿ. ಅಲ್ಲಿ ಏನೂ ಹಾಕ್ದೇ ಖಾಲಿ ಬಿಟ್ರೆ ಮುಂದೆ ಮಾಡೋ ಯೂಸರ್‌ಗೆ 'ಸುಡೋ' ಅಧಿಕಾರ (ರೂಟ್ ಥರ ಕಮಾಂಡ್ ಓಡ್ಸೋದು) ತಾನಾಗೇ ಸಿಗುತ್ತೆ, ಪಾಸ್‌ವರ್ಡ್ ಹಾಕಿದ್ರೆ ಸಿಗಲ್ಲ, ಆಮೇಲೆ ನಾವೇ ಕೈಯಾರೆ ಸೇರಿಸ್ಬೇಕು. ಖಾಲಿ ಬಿಡಿ. ಯೂಸರ್ ಹೆಸರು ಯಾವ ನೌಕರರದ್ದೂ ಬೇಡ, ಆ ಹುಡುಗ ನಾಳೆ ಕೆಲಸ ಬಿಟ್ಟು ಹೋದ್ರೆ ಅವನ ಹೆಸರು ಸರ್ವರ್ ಯಜಮಾನನಾಗಿ ಉಳ್ಕೊಳ್ಳುತ್ತೆ, ಯಾರಿಗೂ ಸೇರದ ಬೇರೆ ಏನಾದ್ರೂ ಹೆಸರಿಡಿ.

ಪಾರ್ಟಿಷನ್ ಪುಟದಲ್ಲಿ ಆತುರ ಬೇಡ. ಡಿಸ್ಕ್‌ಗಳ ಪಟ್ಟೀಲಿ ಪೆನ್‌ಡ್ರೈವ್ ಕೂಡಾ ಇರುತ್ತೆ, ಎಸ್‌ಡಿಎ ಎಸ್‌ಡಿಬಿ ಅನ್ನೋ ಹೆಸರು ನಂಬ್ಬೇಡಿ, ಸೈಜು ಮತ್ತೆ ಮಾಡೆಲ್ ನೋಡಿ. ಗೈಡೆಡ್ ತಗೊಂಡು ಎಸ್‌ಎಸ್‌ಡಿ ಒಂದನ್ನೇ ಆರಿಸಿ, ಎಲ್ಲಾ ಒಂದೇ ಪಾರ್ಟಿಷನ್‌ನಲ್ಲಿ ಅನ್ನಿ. ಪಟ್ಟಿ ತೋರ್ಸುತ್ತಲ್ಲ, ಅಲ್ಲೇ ಮುಗಿಸ್ಬೇಡಿ. ಎರಡೂ ದೊಡ್ಡ ಡಿಸ್ಕ್‌ಗಳಲ್ಲಿ ಒಂದೊಂದು ಪಾರ್ಟಿಷನ್ ಮಾಡಿ ರೇಡ್‌ಗೆ ಬಳಸೋ ಫಿಸಿಕಲ್ ವಾಲ್ಯೂಮ್ ಅಂತ ಗುರುತು ಹಾಕಿ, ಆಮೇಲೆ ಕಾನ್ಫಿಗರ್ ಸಾಫ್ಟ್‌ವೇರ್ ರೇಡ್ ಒಳಗೆ ಹೋಗಿ ಹೊಸ ಎಂಡಿ ಡಿವೈಸ್, ರೇಡ್ 1, ಆಕ್ಟಿವ್ 2, ಸ್ಪೇರ್ 0. ವಾಪಸ್ ಬಂದ್ರೆ ಹೊಸ ಡಿಸ್ಕ್ ಥರ ಒಂದು ಕಾಣುತ್ತೆ, ಅದಕ್ಕೆ ಇಎಕ್ಸ್‌ಟಿ4 ಫಾರ್ಮ್ಯಾಟ್ ಕೊಟ್ಟು ಎಸ್‌ಆರ್‌ವಿ ಅನ್ನೋ ಡೈರೆಕ್ಟರಿಗೆ ಮೌಂಟ್ ಮಾಡಿ, ಅಂದ್ರೆ ಆ ಫೋಲ್ಡರ್ ತೆಗೆದ್ರೆ ಈ ಡಿಸ್ಕ್ ಕಾಣೋ ಹಾಗೆ ಜೋಡಿಸಿ. ಈಗ ಎಲ್ಲಾ ಇನ್ನೊಂದ್ಸಲ ಓದಿ, ಸರಿಯಿದ್ರೆ ಹೌದು ಅನ್ನಿ, ಇದಾದ ಮೇಲೆ ಹಳೇದು ವಾಪಸ್ ಬರಲ್ಲ.

ಮುಂದಕ್ಕೆ ಮಿರರ್, ಅಂದ್ರೆ ಸಾಫ್ಟ್‌ವೇರ್ ಯಾವ ಸೈಟಿಂದ ಇಳಿಸ್ಬೇಕು ಅಂತ ಕೇಳುತ್ತೆ, ಇಂಡಿಯಾ ಆರಿಸಿ ಡೆಬ್ ಡಾಟ್ ಡೆಬಿಯನ್ ಡಾಟ್ ಆರ್ಗ್ ಕೊಡಿ. ಪ್ರಾಕ್ಸಿ ಖಾಲಿ.

ಆಮೇಲೆ ಬರೋ ಸಾಫ್ಟ್‌ವೇರ್ ಪಟ್ಟೀಲಿ ತುಂಬಾ ಜನ ಸುಮ್ನೆ ಎಂಟರ್ ಹೊಡೀತಾರೆ. ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಮತ್ತೆ ಗ್ನೋಮ್ ಎರಡಕ್ಕೂ ಮೊದ್ಲೇ ಟಿಕ್ ಹಾಕಿರುತ್ತೆ, ತೆಗೀರಿ. ಎಸ್‌ಎಸ್‌ಎಚ್ ಸರ್ವರ್ (ಬೇರೆ ಕಂಪ್ಯೂಟರ್‌ನಿಂದ ಇದ್ರೊಳಗೆ ಬಂದು ಕಮಾಂಡ್ ಕೊಡೋಕೆ), ಸ್ಟ್ಯಾಂಡರ್ಡ್ ಸಿಸ್ಟಂ ಯುಟಿಲಿಟೀಸ್, ಇವೆರಡೇ ಸಾಕು. ಪರದೆ ಇದ್ರೆ ಚೆನ್ನಾಗಿರುತ್ತಲ್ವಾ ಅಂತ ಯಜಮಾನರು ಕೇಳ್ತಾರೆ, ಪರದೆ ಇದ್ರೆ ಯಾರೋ ಒಬ್ರು ಅದ್ರ ಮುಂದೆ ಕೂತು ಯೂಟ್ಯೂಬ್ ಹಾಕ್ತಾರೆ, ಇಲ್ಲಾ ಯಾರೂ ಮುಟ್ಟಿಲ್ಲ ಅಂತ ಮಷೀನೇ ನಿದ್ದೆಗೆ ಜಾರುತ್ತೆ. ಬೇಡ ಅನ್ನಿ.

ಒಳಗೆ ಬಂದ್ಮೇಲೆ

ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ ಲಾಗಿನ್ ಆಗಿ, ಐಪಿ ಸ್ಪೇಸ್ ಎ ಅಂತ ಹೊಡೆದ್ರೆ ಐಪಿ ನಂಬರ್ ತೋರ್ಸುತ್ತೆ. ಕಮಾಂಡ್‌ಗಳನ್ನ ಇಲ್ಲಿ ಓದೋಕೆ ಅನುಕೂಲ ಆಗ್ಲಿ ಅಂತ ಕನ್ನಡದಲ್ಲೇ ಬರೀತಿದೀನಿ, ಟೈಪ್ ಮಾಡೋವಾಗ ಎಲ್ಲಾ ಇಂಗ್ಲಿಷ್ ಸಣ್ಣಕ್ಷರ. ಈ ನಂಬರ್ ದಿನಾ ಬದಲಾಗ್ಬಾರ್ದು, ಅದಕ್ಕೆ ಸುಲಭದ ದಾರಿ ರೂಟರ್ ಒಳಗೆ ಹೋಗಿ ಈ ಮಷೀನಿಗೆ ಇದೇ ನಂಬರ್ ಅಂತ ರಿಸರ್ವ್ ಮಾಡೋದು. 192.168.1.10 ಅಂತಿಟ್ಕೊಳ್ಳೋಣ. ಇನ್ಮೇಲೆ ಮಾನಿಟರ್ ಬೇಡ, ನಿಮ್ಮ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಿಂದಲೇ ಎಸ್‌ಎಸ್‌ಎಚ್ ಹೊಡೆದು ಒಳಗೆ ಹೋಗ್ಬಹುದು.

ಮೊದ್ಲು ಸುಡೋ ಆಪ್ಟ್ ಅಪ್‌ಡೇಟ್, ಆಮೇಲೆ ಸುಡೋ ಆಪ್ಟ್ ಫುಲ್ ಹೈಫನ್ ಅಪ್‌ಗ್ರೇಡ್. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಅನ್ನೋ ಪ್ಯಾಕೇಜ್ ಹಾಕಿ ಆನ್ ಆಗಿದ್ಯಾ ನೋಡ್ಕೊಳ್ಳಿ, ಸೆಕ್ಯೂರಿಟಿ ಅಪ್‌ಡೇಟ್ ಎಲ್ಲ ಅದೇ ಮಾಡ್ಕೊಳ್ಳುತ್ತೆ.

ಈಗ ಸಾಂಬಾ. ವಿಂಡೋಸ್‌ಗಳಿಗೆ ಇದು ಇನ್ನೊಂದು ವಿಂಡೋಸ್ ಶೇರ್ ಥರಾನೇ ಕಾಣೋ ಹಾಗೆ ಮಾಡೋದು ಇದೇ. ಸುಡೋ ಆಪ್ಟ್ ಇನ್‌ಸ್ಟಾಲ್ ಸಾಂಬಾ. ಆಫೀಸ್ ಅಂತ ಒಂದು ಗ್ರೂಪ್ ಮಾಡಿ, ಎಸ್‌ಆರ್‌ವಿ ಒಳಗೆ ಅದೇ ಹೆಸರಲ್ಲಿ ಫೋಲ್ಡರ್ ಮಾಡಿ, ಫೋಲ್ಡರನ್ನ ಗ್ರೂಪ್ ಹೆಸರಿಗೆ ಬರೆದು ಪರ್ಮಿಷನ್ 2770 ಕೊಡಿ. ಮುಂದಿರೋ ಆ 2 ಬಿಡ್ಬೇಡಿ, ಅದಿದ್ರೆ ಒಳಗೆ ಯಾರು ಹೊಸ ಫೈಲ್ ಮಾಡಿದ್ರೂ ಗ್ರೂಪ್ ಆಫೀಸೇ ಆಗಿರುತ್ತೆ, ಇಲ್ಲಾಂದ್ರೆ ಒಬ್ರು ಸೇವ್ ಮಾಡಿದ ಫೈಲ್ ಇನ್ನೊಬ್ರಿಗೆ ತೆರೆಯಲ್ಲ ಅಂತ ದಿನಾ ನಿಮಗೆ ಫೋನ್ ಬರುತ್ತೆ.

ಪ್ರತಿಯೊಬ್ರಿಗೂ ಬೇರೆ ಯೂಸರ್ ಮಾಡಿ ಆ ಗ್ರೂಪಿಗೆ ಸೇರಿಸಿ, ಆಮೇಲೆ ಎಸ್‌ಎಂಬಿಪಾಸ್‌ವರ್ಡ್, ಅದು ಟೈಪ್ ಮಾಡೋವಾಗ ಮಧ್ಯೆ ಜಾಗ ಬಿಡ್ದೇ ಎಸ್‌ಎಂಬಿಪಾಸ್‌ಡಬ್ಲ್ಯೂಡಿ, ಹೈಫನ್ ಎ ಕೊಟ್ಟು ಸಾಂಬಾ ಪಾಸ್‌ವರ್ಡ್ ಇಡಿ. ಲಿನಕ್ಸ್ ಪಾಸ್‌ವರ್ಡ್ ಬೇರೆ, ಸಾಂಬಾ ಪಾಸ್‌ವರ್ಡ್ ಬೇರೆ, ಹೊಸಬರು ಎಡವೋದೇ ಇಲ್ಲಿ. ಎಲ್ರಿಗೂ ಒಂದೇ ಪಾಸ್‌ವರ್ಡ್ ಅಥವಾ ಪಾಸ್‌ವರ್ಡೇ ಇಲ್ಲದ ಗೆಸ್ಟ್ ಶೇರ್ ಮಾಡೋಣ ಅಂತ ಹೊರಡ್ಬೇಡಿ, ಹೊಸ ವಿಂಡೋಸ್ 11 ಪ್ರೊ ಗೆಸ್ಟ್ ಶೇರ್‌ನ ಬಿಡೋದೇ ಇಲ್ಲ.

ಸೆಟ್ಟಿಂಗ್ ಎಲ್ಲ ಇರೋದು ಇಟಿಸಿ ಒಳಗಿನ ಸಾಂಬಾ ಫೋಲ್ಡರ್‌ನ ಎಸ್‌ಎಂಬಿ ಡಾಟ್ ಕಾನ್ಫ್‌ನಲ್ಲಿ, ನ್ಯಾನೋ ಅನ್ನೋ ಎಡಿಟರ್‌ನಲ್ಲಿ ತೆಗೆದು ಕೊನೇಲಿ ನಿಮ್ಮ ಶೇರ್ ಸೇರಿಸಿ. ಪಾಥ್ ಎಲ್ಲಿ, ವ್ಯಾಲಿಡ್ ಯೂಸರ್ಸ್ ಯಾರು (ಅಟ್ ಚಿಹ್ನೆ ಹಾಕಿ ಗ್ರೂಪ್ ಹೆಸರು), ರೀಡ್ ಓನ್ಲಿ ನೋ, ಕ್ರಿಯೇಟ್ ಮಾಸ್ಕ್ 0660, ಡೈರೆಕ್ಟರಿ ಮಾಸ್ಕ್ 2770. ಜೊತೆಗೆ ರೀಸೈಕಲ್ ಅನ್ನೋ ವಿಎಫ್‌ಎಸ್ ಆಬ್ಜೆಕ್ಟ್ ಖಂಡಿತ ಹಾಕಿ. ನೆಟ್‌ವರ್ಕ್ ಶೇರ್‌ನಲ್ಲಿ ಡಿಲೀಟ್ ಮಾಡಿದ್ದು ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಹೋಗಲ್ಲ, ಸೀದಾ ಮಾಯ, ಈ ಸಾಲು ಇದ್ರೆ ಸರ್ವರ್ ಅದನ್ನ ಒಂದು ಪಕ್ಕದ ಫೋಲ್ಡರ್‌ಗೆ ಸರಿಸಿ ಇಟ್ಟಿರುತ್ತೆ. ಬರೆದು ಮುಗಿದ್ಮೇಲೆ ಟೆಸ್ಟ್‌ಪಾರ್ಮ್ ಹೊಡೀರಿ, ಕಾಗುಣಿತ ತಪ್ಪಿದ್ರೆ ಹೇಳುತ್ತೆ, ಸರಿಯಿದ್ರೆ ಎಸ್‌ಎಂಬಿಡಿ, ಅಂದ್ರೆ ಸಾಂಬಾ ಸರ್ವಿಸ್, ರೀಸ್ಟಾರ್ಟ್ ಮಾಡಿ.

ವಿಂಡೋಸ್ ಕಡೆ ನೆಟ್‌ವರ್ಕ್ ಐಕಾನ್ ಕ್ಲಿಕ್ ಮಾಡಿ ಸರ್ವರ್ ಕಾಣ್ತಿಲ್ಲ ಅಂತ ಗಾಬರಿ ಆಗ್ಬೇಡಿ, ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಐಪಿ ನಂಬರ್ ಹೊಡೀರಿ, ಬರುತ್ತೆ, ಆಮೇಲೆ ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿಬಿಡಿ. ಹಳೇ ಎಕ್ಸ್‌ಪಿ ಮಷೀನೋ, ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಕಳಿಸೋ ಹಳೇ ಝೆರಾಕ್ಸ್ ಮಷೀನೋ ಕನೆಕ್ಟ್ ಆಗ್ದೇ ಇದ್ರೆ ಕಾರಣ ಎಸ್‌ಎಂಬಿ 1 ಅನ್ನೋ ಹಳೇ ಫೈಲ್ ಶೇರಿಂಗ್ ಪದ್ಧತಿ, 2019ರಲ್ಲಿ ಬಂದ ಸಾಂಬಾ 4.11ರಿಂದ ಅದು ಆಫ್ ಆಗಿರುತ್ತೆ. ಆನ್ ಮಾಡೋ ಸಾಲು ಇದೆ, ಆದ್ರೆ ಮಾಡ್ಬೇಡಿ, ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವಾನಾಕ್ರೈ ವೈರಸ್ 2017ರಲ್ಲಿ ಹರಡಿದ್ದೇ ವಿಂಡೋಸ್‌ನ ಎಸ್‌ಎಂಬಿ 1ರ ತೂತಿನಿಂದ. ಸ್ಕ್ಯಾನರ್ ಆದ್ರೆ ಇಮೇಲ್‌ಗೋ ಪೆನ್‌ಡ್ರೈವ್‌ಗೋ ಕಳಿಸೋ ಹಾಗೆ ಮಾಡಿ.

ಟ್ಯಾಲಿ ಬಗ್ಗೆ ಕೇಳೇ ಕೇಳ್ತೀರಿ, ನಮ್ಮ ಕಡೆ ಟ್ಯಾಲಿ ಇಲ್ಲದ ಆಫೀಸ್ ಎಲ್ಲಿದೆ. ಟ್ಯಾಲಿ ಓಡೋದು ವಿಂಡೋಸ್ ಮೇಲೇನೇ, ಅದು ಅವರವರ ಕಂಪ್ಯೂಟರ್‌ನಲ್ಲೇ ಇರ್ಲಿ, ಡೇಟಾ ಫೋಲ್ಡರ್ ಮಾತ್ರ ಝಡ್ ಡ್ರೈವ್‌ಗೆ ತೋರ್ಸಿ. ಒಟ್ಟಿಗೆ ಹಲವು ಜನ ತೆಗೀಬೇಕು ಅಂದ್ರೆ ಗೋಲ್ಡ್ ಲೈಸೆನ್ಸ್ ಬೇಕು, ಸಿಲ್ವರ್ ಒಬ್ಬರಿಗೇ, ಸರ್ವರ್ ಯಾವುದಾದ್ರೂ ಈ ನಿಯಮ ಬದಲಾಗಲ್ಲ. ಟ್ಯಾಲಿ ಡೇಟಾಗೆ ಬೇರೆ ಶೇರ್ ಮಾಡಿ ಅದಕ್ಕೆ ಆಪ್‌ಲಾಕ್ಸ್ ನೋ ಅಂತ ಹಾಕಿದ್ರೆ ಒಳ್ಳೇದು, ಹಲವರು ಒಂದೇ ಡೇಟಾ ಫೈಲ್‌ಗೆ ಬರೆಯೋ ಕಡೆ ಸೇಫ್. ನೆಟ್‌ವರ್ಕ್ ಸ್ವಿಚ್ ಹಳೇ 100 ಎಂಬಿಪಿಎಸ್ ಡಬ್ಬ ಆಗಿದ್ರೆ ಸೆಕೆಂಡಿಗೆ 11-12 ಎಂಬಿಗಿಂತ ಜಾಸ್ತಿ ಬರಲ್ಲ, ಗಿಗಾಬಿಟ್ ಹಾಕಿದ್ರೆ 110ರ ಹತ್ರ ಹೋಗುತ್ತೆ, ಸರ್ವರ್ ನಿಧಾನ ಅಂತ ಬೈಯೋಕೆ ಮುಂಚೆ ಸ್ವಿಚ್ ನೋಡಿ.

ಫೈರ್‌ವಾಲ್‌ಗೆ ಯುಎಫ್‌ಡಬ್ಲ್ಯೂ ಹಾಕಿ. ಆನ್ ಮಾಡೋಕೆ ಮೊದ್ಲು ಎಸ್‌ಎಸ್‌ಎಚ್‌ಗೆ ಅನುಮತಿ ಕೊಡಿ, ಉಲ್ಟಾ ಮಾಡಿದ್ರೆ ನೀವೇ ಹೊರಗೆ. ಎಸ್‌ಎಸ್‌ಎಚ್, ಸಾಂಬಾ ಎರಡೂ ಆಫೀಸ್ ನೆಟ್‌ವರ್ಕ್‌ಗೆ ಮಾತ್ರ ಇರ್ಲಿ. ಮನೆಯಿಂದ ಫೈಲ್ ನೋಡ್ಬೇಕು ಅಂತ ರೂಟರ್‌ನಲ್ಲಿ ಸಾಂಬಾದ 445 ಪೋರ್ಟ್ ಹೊರಕ್ಕೆ ತೆಗೆಯೋ ಕೆಲಸ ಯಾವತ್ತೂ ಮಾಡ್ಬೇಡಿ, ಬೇಕೇ ಬೇಕಾದ್ರೆ ವೈರ್‌ಗಾರ್ಡ್ ವಿಪಿಎನ್ ಇದೆ, ಅದು ಇನ್ನೊಂದು ದಿನದ ಕೆಲಸ.

ಕರೆಂಟು ಮತ್ತೆ ಬ್ಯಾಕಪ್

ಯುಪಿಎಸ್ ತಗೊಳ್ಳೋವಾಗ ಯುಎಸ್‌ಬಿ ಡೇಟಾ ಪೋರ್ಟ್ ಇರೋದನ್ನೇ ಕೇಳಿ ತಗೊಳ್ಳಿ. ಆ ಕೇಬಲ್ ಸರ್ವರ್‌ಗೆ ಚುಚ್ಚಿ ನಟ್ ಅನ್ನೋ ಸಾಫ್ಟ್‌ವೇರ್ ಹಾಕಿದ್ರೆ ಬ್ಯಾಟರಿ ಮುಗಿಯೋ ಮುಂಚೆ ಮಷೀನ್ ತಾನೇ ನೆಟ್ಟಗೆ ಶಟ್‌ಡೌನ್ ಆಗುತ್ತೆ. ಬೇಸಿಗೇಲಿ ಮಧ್ಯಾಹ್ನ ಮೂರು ಗಂಟೆ ಕರೆಂಟ್ ಇಲ್ಲದ ಊರಲ್ಲಿ ಬರೀ ಬ್ಯಾಟರಿ ನಂಬ್ಕೊಂಡಿದ್ರೆ ಯಾವುದೋ ಒಂದಿನ ಬರೀತಿದ್ದ ಫೈಲ್ ಅರ್ಧಕ್ಕೇ ನಿಲ್ಲುತ್ತೆ.

ರೇಡ್ ಇದೆ, ಬ್ಯಾಕಪ್ ಯಾಕೆ ಅನ್ನೋರು ಸಿಗ್ತಾರೆ. ರೇಡ್ ಕಾಪಾಡೋದು ಡಿಸ್ಕ್ ಸತ್ತಾಗ ಮಾತ್ರ. ಯಾರೋ ಕ್ಲೈಂಟ್ ಫೋಲ್ಡರ್ ಮೇಲೆ ತಪ್ಪು ಫೈಲ್ ಸೇವ್ ಮಾಡಿದ್ರೆ, ವೈರಸ್ ಬಂದು ಎಲ್ಲಾ ಲಾಕ್ ಮಾಡಿದ್ರೆ, ಎರಡೂ ಡಿಸ್ಕ್‌ನಲ್ಲಿ ಅದೇ ಗಳಿಗೆಗೆ ಅದೇ ಹಾಳು. ಹಾಗಾಗಿ ಎರಡು ಯುಎಸ್‌ಬಿ ಡಿಸ್ಕ್ ತಗೊಂಡು ಇಎಕ್ಸ್‌ಟಿ4 ಮಾಡಿ ಎರಡಕ್ಕೂ ಒಂದೇ ಲೇಬಲ್ ಕೊಡಿ, ವಾರಕ್ಕೊಂದ್ಸಲ ಅದಲು ಬದಲು, ಒಂದು ಯಾವಾಗ್ಲೂ ಯಜಮಾನರ ಮನೇಲಿರ್ಲಿ. ಆರ್‌ಸ್ನಾಪ್‌ಶಾಟ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಹಾಕಿ ಕ್ರಾನ್‌ನಲ್ಲಿ (ಟೈಮಿಗೆ ಸರಿಯಾಗಿ ಕೆಲಸ ಓಡ್ಸೋದು) ಸೆಟ್ ಮಾಡಿದ್ರೆ ರಾತ್ರಿ ತಾನೇ ಕಾಪಿ ಮಾಡುತ್ತೆ, ಬದಲಾದ ಫೈಲ್ ಮಾತ್ರ ಜಾಗ ತಗೊಳ್ಳುತ್ತೆ, ನಿನ್ನೆದು, ಹೋದ ವಾರದ್ದು, ಹೋದ ತಿಂಗಳದ್ದು ಎಲ್ಲಾ ಬೇರೆ ಬೇರೆ ಫೋಲ್ಡರ್ ಆಗಿ ಸಿಗುತ್ತೆ. ಅದ್ರ ಸೆಟ್ಟಿಂಗ್ ಫೈಲ್‌ನಲ್ಲಿ ಪದಗಳ ಮಧ್ಯೆ ಸ್ಪೇಸ್ ಹಾಕಿದ್ರೆ ಒಪ್ಪಲ್ಲ, ಟ್ಯಾಬ್ ಕೀನೇ ಒತ್ಬೇಕು. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗ್ಬೇಕು ಅನ್ನೋ ಪಟ್ಟಿ ಇರೋ ಫೈಲ್) ಈ ಡಿಸ್ಕ್‌ನ ಲೇಬಲ್ ಹೆಸರಲ್ಲೇ ಬರೀವಾಗ ನೋಫೇಲ್ ಅನ್ನೋ ಪದ ಸೇರಿಸಿ, ಮರೆತ್ರೆ ಡಿಸ್ಕ್ ಕಿತ್ತಿದ್ದ ದಿನ ಸರ್ವರ್ ರೀಸ್ಟಾರ್ಟ್ ಆದಾಗ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತ್ಬಿಡುತ್ತೆ, ಮತ್ತೆ ಮಾನಿಟರ್ ಹೊತ್ಕೊಂಡು ಹೋಗ್ಬೇಕು. ಡಿಸ್ಕ್ ಇಲ್ಲದಿದ್ದಾಗ ಆರ್‌ಸ್ನಾಪ್‌ಶಾಟ್ ಎಸ್‌ಎಸ್‌ಡಿ ಮೇಲೇ ಬರೆದು ತುಂಬಿಸ್ದೇ ಇರ್ಲಿ ಅಂತ ಆರ್‌ಸ್ನಾಪ್‌ಶಾಟ್‌ನ ಸೆಟ್ಟಿಂಗ್ ಫೈಲ್‌ನಲ್ಲೇ ನೋ ಕ್ರಿಯೇಟ್ ರೂಟ್ ಅನ್ನೋ ಸಾಲಿದೆ, ಬ್ಯಾಕಪ್ ಜಾಗ ಅಂತ ಆ ಡಿಸ್ಕ್ ಒಳಗಿನ ಒಂದು ಫೋಲ್ಡರ್ ಕೊಟ್ಟು ಅದನ್ನ 1 ಮಾಡಿ.

ಬ್ಯಾಕಪ್ ಓಡ್ತಿದೆ ಅಂತ ನಂಬ್ಕೊಂಡು ಕೂರ್ಬೇಡಿ, ತಿಂಗಳಿಗೊಂದ್ಸಲ ಯಾವುದೋ ಒಂದು ಎಕ್ಸೆಲ್ ಫೈಲ್ ಬ್ಯಾಕಪ್‌ನಿಂದ ತೆಗೆದು ತೆರೆದು ನೋಡಿ. ಅದೇ ದಿನ ಸ್ಮಾರ್ಟ್‌ಸಿಟಿಎಲ್ ಅನ್ನೋ ಕಮಾಂಡ್‌ನಲ್ಲಿ ಡಿಸ್ಕ್ ಆರೋಗ್ಯಾನೂ ನೋಡಿ, ರೀಅಲೊಕೇಟೆಡ್ ಮತ್ತೆ ಪೆಂಡಿಂಗ್ ಸೆಕ್ಟರ್ ಸೊನ್ನೆ ಬಿಟ್ಟು ಮೇಲೇರ್ತಿದ್ರೆ ಹೊಸ ಡಿಸ್ಕ್ ಆರ್ಡರ್ ಮಾಡೋ ಟೈಮ್ ಬಂತು ಅಂತ. ಐಪಿ ನಂಬರ್, ಯೂಸರ್ ಹೆಸರು, ಪಾಸ್‌ವರ್ಡ್, ಯಾವ ಡಿಸ್ಕ್ ಯಾವುದಕ್ಕೆ ಅನ್ನೋದೆಲ್ಲ ಕಾಗದದಲ್ಲಿ ಬರೆದು ಕವರ್‌ನಲ್ಲಿ ಹಾಕಿ ಯಜಮಾನರ ಬೀರುವಿನಲ್ಲಿಡಿ, ಸರ್ವರ್ ಒಳಗೇ ಬರೆದಿಟ್ರೆ ಬೇಕಾದ ದಿನ ಸಿಗಲ್ಲ.

ಡೆಬಿಯನ್ 13 ಬಂದದ್ದು 2025ರ ಆಗಸ್ಟ್‌ನಲ್ಲಿ, ಮೂರು ವರ್ಷ ಪೂರ್ತಿ ಸಪೋರ್ಟ್, ಅದಾದ ಮೇಲೆ ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್) ತಂಡ ಇನ್ನೆರಡು ವರ್ಷ ನೋಡ್ಕೊಳ್ಳುತ್ತೆ, ಅಂದ್ರೆ 2030ರ ತನಕ. ಮಧ್ಯದಲ್ಲಿ 14 ಬಂದಾಗ ಮೊದ್ಲ ವಾರವೇ ಓಡ್ಬೇಡಿ, ಒಂದೆರಡು ತಿಂಗಳು ಬಿಟ್ಟು, ಬ್ಯಾಕಪ್ ತಗೊಂಡು, ಒಂದು ಭಾನುವಾರ ಮಾಡಿ. 13ರಿಂದ ಸೀದಾ 15ಕ್ಕೆ ಹಾರೋಕೆ ಮಾತ್ರ ಆಗಲ್ಲ, ಒಂದೊಂದೇ ಮೆಟ್ಟಿಲು.